ಹೊಸ ಎಟಿಮೆಗಾ328ಪಿ ಚಿಪ್‌ಗೆ ಬೂಟ್‌ಲೋಡರ್ ಹಾಕುವ ಮುಂಚೆ ಏನೇನು ನೋಡಬೇಕು?

ಜೀರೋ ಪಿಸಿಬಿ (ಬರೀ ತೂತುಗಳಿರುವ ಖಾಲಿ ಬೋರ್ಡ್) ಮೇಲೆ ನೀವೇ ಬೆಸುಗೆ ಹಾಕಿ ಬೋರ್ಡ್ ಮಾಡಿದ್ದೀರಿ, ಹೊಸ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಕೂರಿಸಿದ್ದೀರಿ. ಯುಎಸ್‌ಬಿ-ಸೀರಿಯಲ್ ಮೂಲಕ ಪ್ರೋಗ್ರಾಂ ಹೋಗುತ್ತಿಲ್ಲ ಅಂತ ಕೇಳಿದ್ದೀರಿ, ಅಲ್ವಾ? ಬಿಡಿಯಾಗಿ ಕೊಂಡ ಹೊಸ ಚಿಪ್‌ನಲ್ಲಿ ಸಾಮಾನ್ಯವಾಗಿ ಬೂಟ್‌ಲೋಡರ್ (ಸೀರಿಯಲ್‌ನಲ್ಲಿ ಬರುವ ಪ್ರೋಗ್ರಾಂ ತೆಗೆದುಕೊಂಡು ಚಿಪ್‌ಗೆ ಬರೆಯುವ ಪುಟ್ಟ ಪ್ರೋಗ್ರಾಂ) ಇರುವುದಿಲ್ಲ. ಅದನ್ನು ಮೊದಲು ಹಾಕಬೇಕು. ನಿಮ್ಮ ಹತ್ತಿರ ಆರ್ಡುಯಿನೊ ಉನೊ ಬೋರ್ಡ್ ಇದ್ದರೆ ಅದೇ ಸಾಕು, ಬೇರೆ ಪ್ರೋಗ್ರಾಮರ್ ಉಪಕರಣ ಬೇಡ.

ಉನೊಗೆ 'ಆರ್ಡುಯಿನೊ ಐಎಸ್‌ಪಿ' ಸ್ಕೆಚ್ (ಪ್ರೋಗ್ರಾಂ) ಹಾಕಿ. ಅದಾದ ಮೇಲೆ ಉನೊದ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಉನೊದ 10ನೇ ಪಿನ್‌ನಿಂದ ಚಿಪ್‌ನ 1ಕ್ಕೆ, 11ರಿಂದ 17ಕ್ಕೆ, 12ರಿಂದ 18ಕ್ಕೆ, 13ರಿಂದ 19ಕ್ಕೆ ವೈರ್ ಕೊಡಿ. 5 ವೋಲ್ಟ್ ಚಿಪ್‌ನ 7 ಮತ್ತು 20, ಎರಡಕ್ಕೂ ಬೇಕು. ಗ್ರೌಂಡ್ 8 ಮತ್ತು 22ಕ್ಕೆ. ಚಿಪ್‌ನ ರೀಸೆಟ್ ಪಿನ್‌ನಿಂದ 5 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಇರಲಿ.

ಆದರೆ ಆರ್ಡುಯಿನೊ ಸಾಫ್ಟ್‌ವೇರ್‌ನಲ್ಲಿ 'ಬರ್ನ್ ಬೂಟ್‌ಲೋಡರ್' ಒತ್ತುವ ಮುಂಚೆ ಸ್ವಲ್ಪ ತಡೆಯಿರಿ. ನಾನು ಮೊದಲ ಬೋರ್ಡ್‌ನಲ್ಲಿ ಎಡವಿದ್ದು ಇಲ್ಲೇ. ಹೊಸ ಚಿಪ್ ತನ್ನೊಳಗಿನ ಕ್ಲಾಕ್ ಮೇಲೆ 1 ಮೆಗಾಹರ್ಟ್ಜ್‌ನಲ್ಲಿ ಓಡುತ್ತಿರುತ್ತದೆ. ಹಾಗಾಗಿ ಹೊರಗಿನ ಕ್ರಿಸ್ಟಲ್ (ಕ್ಲಾಕ್‌ಗೆ ತಾಳ ಕೊಡುವ ಬಿಡಿಭಾಗ) ಸರಿಯಿಲ್ಲದಿದ್ದರೂ ಸಿಗ್ನೇಚರ್ (ಚಿಪ್‌ನ ಗುರುತಿನ ಸಂಖ್ಯೆ) 1ಇ 95 0ಎಫ್ ಅಂತ ಸರಿಯಾಗೇ ಬರುತ್ತದೆ. ನನಗೂ ಬಂತು, ಖುಷಿಯಲ್ಲಿ ಒತ್ತಿಬಿಟ್ಟೆ. ಮೊದಲು ಫ್ಯೂಸ್ (ಚಿಪ್‌ನ ಒಳಗಿನ ಸೆಟ್ಟಿಂಗ್) ಬರೆಯಿತು. ಇನ್ನು ಮುಂದೆ ಹೊರಗಿನ ಕ್ರಿಸ್ಟಲ್ ಬಳಸು ಅಂತ ಚಿಪ್‌ಗೆ ಹೇಳುವುದು ಅದೇ. ನನ್ನ ಕ್ರಿಸ್ಟಲ್‌ನ ಒಂದು ಕಾಲಿಗೆ ಬೆಸುಗೆ ಹಿಡಿದಿರಲಿಲ್ಲ. ಬೂಟ್‌ಲೋಡರ್ ಬರೆಯುವ ಹೊತ್ತಿಗೆ ಚಿಪ್ ಮಾತೇ ನಿಲ್ಲಿಸಿತು, ಸಿಗ್ನೇಚರ್ ಪೂರ್ತಿ ಸೊನ್ನೆ. ಚಿಪ್ ಸುಟ್ಟೇಹೋಯಿತು ಅಂದುಕೊಂಡು ಎರಡು ದಿನ ಬೇಜಾರಾಗಿದ್ದೆ. ಆ ಕಾಲಿಗೆ ಮತ್ತೆ ಸೋಲ್ಡರಿಂಗ್ ಐರನ್ ಮುಟ್ಟಿಸಿದೆ, ಜೀವ ಬಂತು.

ಅದಕ್ಕೇ ಚಿಪ್‌ನ 9 ಮತ್ತು 10ನೇ ಪಿನ್‌ಗಳನ್ನು ಮಲ್ಟಿಮೀಟರ್‌ನ ಬೀಪ್‌ನಲ್ಲಿ ಕ್ರಿಸ್ಟಲ್ ಕಾಲಿನವರೆಗೂ ನೋಡಿ. 22 ಪಿಕೋಫ್ಯಾರಡ್ ಕೆಪಾಸಿಟರ್ ಎರಡೂ ಗ್ರೌಂಡ್ ಮುಟ್ಟಿವೆಯಾ ನೋಡಿ. ಕ್ರಿಸ್ಟಲ್ ಚಿಪ್‌ಗೆ ಆದಷ್ಟು ಹತ್ತಿರ ಇರಲಿ. ಈಗಾಗಲೇ ಒತ್ತಿ ಚಿಪ್ ಸುಮ್ಮನಾಗಿದ್ದರೂ ಎಸೆಯಬೇಡಿ. ಹೊರಗಿನಿಂದ 9ನೇ ಪಿನ್‌ಗೆ ಕ್ಲಾಕ್ ಕೊಟ್ಟರೂ ಸಾಮಾನ್ಯವಾಗಿ ಎದ್ದು ಕೂರುತ್ತದೆ.

ಆಮೇಲೆ ಸೀರಿಯಲ್‌ನಲ್ಲಿ ಅಪ್‌ಲೋಡ್ ಮಾಡಲು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್‌ನ ಡಿಟಿಆರ್ ಪಿನ್ ಮತ್ತು ಚಿಪ್‌ನ ರೀಸೆಟ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ. ಅದಿಲ್ಲದಿದ್ದರೆ ಪ್ರತಿ ಸಲ ರೀಸೆಟ್ ಬಟನ್ ಸರಿಯಾದ ಕ್ಷಣಕ್ಕೆ ಒತ್ತುತ್ತಾ ಕೂರಬೇಕಾಗುತ್ತದೆ.