ಊರಿನಲ್ಲಿ ಜರ್ಮನ್ ಮಾತನಾಡುವವರು ಯಾರೂ ಇಲ್ಲದಿದ್ದರೆ ಆನ್‌ಲೈನ್ ಬಳಗಗಳಿಂದ ಪ್ರಯೋಜನ ಉಂಟೇ?

ನೀವು ಚಿಂತಾಮಣಿ ಊರಿನವರು, ನರ್ಸಿಂಗ್ ಮುಗಿಸಿ, ಶನಿವಾರ ಭಾನುವಾರ ಬೆಂಗಳೂರಿಗೆ ಓಡಾಡಿ ಜರ್ಮನ್ ಭಾಷೆಯನ್ನು, ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಎರಡನೆಯದಾದ ಎ2 ಹಂತದವರೆಗೆ ಕಲಿತಿದ್ದೀರಿ. ತರಗತಿ ಮುಗಿದ ಮೇಲೆ ಒಂದು ವಾಕ್ಯ ಆಡಲೂ ಜೊತೆಯಿಲ್ಲದೆ ಕಲಿತದ್ದೆಲ್ಲ ಮರೆತುಹೋಗುತ್ತಿದೆ, ಆನ್‌ಲೈನ್ ಬಳಗಗಳನ್ನು ಸೇರಿದರೆ ನಿಜವಾಗಿಯೂ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ನಾನು ತುಮಕೂರಿನಲ್ಲಿದ್ದುಕೊಂಡು, ಬಹುಮಟ್ಟಿಗೆ ಇಂಥ ಬಳಗಗಳ ನೆರವಿನಿಂದಲೇ, ಅದರ ಮುಂದಿನ ಹಂತವಾದ ಬಿ1 ಪರೀಕ್ಷೆಯನ್ನು ಪೂರೈಸಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಹರಟೆಗೆಂದು ಸೇರಿದವರಿಗೆ ಅಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. ತಪ್ಪು ತಿದ್ದಿಸಿಕೊಳ್ಳಲು ಸೇರಿದವರಿಗೆ ತರಗತಿಯಲ್ಲಿ ಸಿಗದದ್ದೂ ಸಿಗುತ್ತದೆ.

ಮೊದಲ ಮೂರು ತಿಂಗಳು ನಾನೂ ಹರಟೆಯ ಗುಂಪಿನಲ್ಲಿಯೇ ಇದ್ದೆ. ನಮ್ಮ ದೇಶದ ಕಲಿಯುವವರೇ ತುಂಬಿದ್ದ ಆ ಟೆಲಿಗ್ರಾಂ ಗುಂಪಿನಲ್ಲಿ ಬೆಳಿಗ್ಗೆ ಎಲ್ಲರೂ ‘ಗೂಟನ್ ಮೊರ್ಗನ್’ ಎಂದು ಹಾಕುತ್ತಿದ್ದರು, ಎರಡನೆಯ ವಾಕ್ಯಕ್ಕೆ ಇಂಗ್ಲಿಷ್ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮಾತೆಲ್ಲ ವೀಸಾದ ಕಡೆಗೆ ತಿರುಗಿರುತ್ತಿತ್ತು. ಅದನ್ನು ಬಿಟ್ಟು ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿರುವ ರೈಟ್‌ಸ್ಟ್ರೀಕ್‌ಜರ್ಮನ್ ಎಂಬ ವಿಭಾಗಕ್ಕೆ ಹೋದೆ. ಅಲ್ಲಿನ ಕ್ರಮ ಬಹಳ ಸರಳ: ದಿನಕ್ಕೊಂದು ಪುಟ್ಟ ಬರಹವನ್ನು ಜರ್ಮನ್‌ನಲ್ಲಿ ಬರೆದು ಹಾಕಬೇಕು, ಭಾಷೆ ಬಲ್ಲವರು ಬಿಡುವಿದ್ದಾಗ ತಿದ್ದುತ್ತಾರೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಬರವಣಿಗೆಯ ಭಾಗಕ್ಕೆ 60 ನಿಮಿಷಕ್ಕೆ ಮೂರು ಪ್ರಶ್ನೆಗಳಿರುತ್ತವೆ; ಅವುಗಳಲ್ಲಿ ಎರಡನೆಯದು ಆನ್‌ಲೈನ್ ಚರ್ಚೆಯೊಂದಕ್ಕೆ ಸುಮಾರು 80 ಪದಗಳಲ್ಲಿ ನಿಮ್ಮ ಅಭಿಪ್ರಾಯ ಬರೆಯುವುದೇ ಆಗಿದೆ. ಆದ್ದರಿಂದ ಈ ಅಭ್ಯಾಸ ಪರೀಕ್ಷೆಗೆ ನೇರವಾಗಿ ಒದಗುತ್ತದೆ.

ಅಲ್ಲಿ ನನಗೆ ಸಿಕ್ಕ ಒಂದು ತಿದ್ದುಪಡಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡಿಸೆಂಬರ್‌ನ ಒಂದು ಮುಂಜಾನೆ ದೇವರಾಯನದುರ್ಗದ ಬೆಟ್ಟ ಹತ್ತಿ, ಇಳಿದು ಬರುವಾಗ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ ವಿಷಯವನ್ನು ಹತ್ತು ಸಾಲುಗಳಲ್ಲಿ ಬರೆದು, ಬೆಟ್ಟದ ಮೇಲೆ ತುಂಬಾ ಚಳಿಯಾಯಿತು ಎನ್ನಲು ‘ಇಷ್ ವಾರ್ ಜೇರ್ ಕಲ್ಟ್’ ಎಂದು ಹಾಕಿದ್ದೆ. ಇಂಗ್ಲಿಷಿನ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಪದಕ್ಕೆ ಪದ ಜೋಡಿಸಿದ್ದೆ ಎಂಬುದು ಆಗ ನನಗೇ ತಿಳಿದಿರಲಿಲ್ಲ. ತಿದ್ದಿದವರು ‘ಮೀರ್ ವಾರ್ ಜೇರ್ ಕಲ್ಟ್’ ಎಂದು ಬರೆದು, ನೀನು ಬರೆದಂತೆ ಓದಿದರೆ ನಿನ್ನ ಮೈಯೇ ತಣ್ಣಗಾಗಿತ್ತು ಅಥವಾ ನೀನು ಕರುಣೆಯಿಲ್ಲದ ಮನುಷ್ಯ ಎಂಬ ಅರ್ಥ ಹೊರಡುತ್ತದೆ ಎಂದು ವಿವರಿಸಿದರು. ‘ಇಷ್’ ಎಂದರೆ ‘ನಾನು’, ‘ಮೀರ್’ ಎಂದರೆ ‘ನನಗೆ’. ಕನ್ನಡದಲ್ಲಿ ಹುಟ್ಟಿನಿಂದ ‘ನನಗೆ ಚಳಿ’ ಎನ್ನುತ್ತ ಬಂದವರು ಇಂಗ್ಲಿಷಿನ ದಾರಿ ಹಿಡಿದು ಸುತ್ತಿ ಬಂದು ಎಡವಿದ್ದೆ! ಅಂದಿನಿಂದ ಕನ್ನಡದಿಂದಲೇ ನೇರವಾಗಿ ಜರ್ಮನ್‌ಗೆ ಹೋಗಲು ಯತ್ನಿಸಿದೆ, ಅನೇಕ ಕಡೆ ದಾರಿ ಸಲೀಸಾಯಿತು. ನಿಮ್ಮ ಕೆಲಸಕ್ಕೂ ಇದು ಬೇಕಾಗುತ್ತದೆ: ರೋಗಿಯು ‘ನನಗೆ ತಲೆ ಸುತ್ತುತ್ತಿದೆ’ ಎನ್ನುವುದು ‘ಮೀರ್ ಇಸ್ಟ್ ಶ್ವಿಂಡ್ಲಿಶ್’, ‘ನನಗೆ ವಾಕರಿಕೆ ಬರುತ್ತಿದೆ’ ಎನ್ನುವುದು ‘ಮೀರ್ ಇಸ್ಟ್ ಶ್ಲೆಷ್ಟ್’, ಎರಡರಲ್ಲಿಯೂ ಅದೇ ‘ನನಗೆ’ ಇದೆ. ‘ಏಕೆಂದರೆ’ ಎಂಬರ್ಥದ ‘ವೈಲ್’ ಬಂದಾಗ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುವ ನಿಯಮವೂ, ಕ್ರಿಯಾಪದವನ್ನು ಕೊನೆಯಲ್ಲಿಡುವುದೇ ರೂಢಿಯಾಗಿರುವ ನಮಗೆ ಬೆಚ್ಚಿಬೀಳುವ ಸಂಗತಿಯಲ್ಲ.

ತಿದ್ದುಪಡಿ ಬಂದ ಕೂಡಲೇ ಧನ್ಯವಾದ ಹೇಳಿ ಮುಂದೆ ಹೋಗಬೇಡಿ. ನಾನು ಆ ಬರಹವನ್ನು ಎರಡು ದಿನ ಬಿಟ್ಟು, ತಿದ್ದಿದ್ದನ್ನು ನೋಡದೆ, ಮತ್ತೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮತ್ತೆ ಅದೇ ತಪ್ಪು ಮಾಡಿದ ದಿನಗಳೇ ಹೆಚ್ಚು.

ಮಾತಿನ ಅಭ್ಯಾಸ ಇದಕ್ಕಿಂತ ಕಷ್ಟ. ಟ್ಯಾಂಡೆಮ್, ಹಲೋಟಾಕ್‌ನಂಥ ಆ್ಯಪ್‌ಗಳು ನಿಂತಿರುವುದು ಕೊಡುಕೊಳ್ಳುವಿಕೆಯ ಮೇಲೆ: ಅವರ ಭಾಷೆ ನಿಮಗೆ, ನಿಮ್ಮ ಭಾಷೆ ಅವರಿಗೆ. ಕನ್ನಡ ಕಲಿಯಬೇಕೆಂಬ ಜರ್ಮನರು ನನಗೆ ಒಬ್ಬರೂ ಸಿಗಲಿಲ್ಲ. ಕನ್ನಡಕ್ಕೆ 1894ರಲ್ಲಿ ಅಷ್ಟು ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟವರು ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಎಂದು ಹೇಳಿದರೆ ಕುತೂಹಲದಿಂದ ಕೇಳುತ್ತಿದ್ದರು, ಒಂದು ಸಂಜೆಯ ಮಾತಿಗೆ ಅದು ಒಳ್ಳೆಯ ವಿಷಯವೂ ಆಯಿತು. ಕನ್ನಡ ಕಲಿಯಲು ಮಾತ್ರ ಯಾರೂ ಮುಂದಾಗಲಿಲ್ಲ. ಕೊನೆಗೆ ನನಗೆ ಜೊತೆಯಾದವರು ನನ್ನಂತೆಯೇ ಬಿ1ಕ್ಕೆ ಓದುತ್ತಿದ್ದ ಬ್ರೆಜಿಲ್ ದೇಶದ ಒಬ್ಬರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದೆ ಇದ್ದದ್ದು ನನ್ನ ಅದೃಷ್ಟ, ಜರ್ಮನ್ ಬಿಟ್ಟರೆ ಇಬ್ಬರಿಗೂ ಬೇರೆ ಗತಿಯಿರಲಿಲ್ಲ. ಇಬ್ಬರೂ ಕಲಿಯುವವರೇ ಆದರೆ ತಪ್ಪು ಗಟ್ಟಿಯಾಗುವ ಅಪಾಯವಿದೆಯಾದ್ದರಿಂದ, ವಾರಕ್ಕೊಮ್ಮೆ ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ಹಲವರು ಸೇರಿ ಮಾತಾಡುವ ಧ್ವನಿಕೋಣೆಯಲ್ಲಿ ಜರ್ಮನರ ನಡುವೆಯೂ ಕೂರುತ್ತಿದ್ದೆ. ಮೊದಲ ಎರಡು ವಾರ ಮೈಕ್ ಆಫ್ ಮಾಡಿಕೊಂಡು ಕೇಳುತ್ತ ಕುಳಿತಿದ್ದೆ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಸಮಯದ ಲೆಕ್ಕವನ್ನು ಮೊದಲೇ ಸರಿ ಮಾಡಿಕೊಳ್ಳಿ. ಜರ್ಮನಿಗಿಂತ ನಾವು ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ ಮುಂದಿರುತ್ತೇವೆ. ಅವರು ಕೆಲಸ ಮುಗಿಸಿ ಮನೆಗೆ ಬರುವಾಗ ನಮಗೆ ಊಟವಾಗಿರುತ್ತದೆ. ಒಮ್ಮೆ ಧ್ವನಿಕೋಣೆಯ ಹಿರಿಯರೊಬ್ಬರು, ನಿವೃತ್ತ ಶಿಕ್ಷಕಿ, ನನ್ನೊಬ್ಬರಿಗಾಗಿಯೇ ಸಮಯ ಕೊಟ್ಟು ‘ಹಲ್ಪ್ ಜೀಬೆನ್’ಗೆ ಬಾ ಎಂದರು. ‘ಹಲ್ಪ್’ ಅರ್ಧ, ‘ಜೀಬೆನ್’ ಏಳು. ಏಳೂವರೆ ಎಂದುಕೊಂಡು ನಮ್ಮ ರಾತ್ರಿ ಹನ್ನೊಂದಕ್ಕೆ ಹೋದೆ. ಆ ಮಾತಿಗೆ ಏಳಕ್ಕೆ ಅರ್ಧ ಬಾಕಿ, ಅಂದರೆ ಆರೂವರೆ ಎಂದು ಅರ್ಥ. ಅವರು ಹತ್ತರಿಂದ ಹತ್ತೂಮುಕ್ಕಾಲಿನವರೆಗೆ ಕಾದು ಹೋಗಿದ್ದರು. ಕ್ಷಮೆ ಕೇಳಿ ನಾನು ಬರೆದ ಪತ್ರವನ್ನೂ ತಿದ್ದಿಯೇ ಕಳುಹಿಸಿದರು.

ಆ ಪತ್ರದಲ್ಲಿ ವಯಸ್ಸಿಗೆ ಮರ್ಯಾದೆ ಕೊಟ್ಟು ‘ಜೀ’, ಅಂದರೆ ‘ನೀವು’, ಎಂದು ಬರೆದಿದ್ದೆ. ಅವರು ಅದನ್ನು ‘ಡೂ’, ಅಂದರೆ ‘ನೀನು’, ಎಂದು ಬದಲಿಸಿದ್ದರು. ಬಳಗಗಳಲ್ಲಿ ಹಿರಿಯ ಕಿರಿಯರೆಲ್ಲ ಒಬ್ಬರಿಗೊಬ್ಬರು ‘ಡೂ’ ಎನ್ನುವುದೇ ವಾಡಿಕೆ. ನಿಮಗೆ ಇದರಿಂದ ಒಂದು ತೊಡಕಿದೆ: ಆಸ್ಪತ್ರೆಯಲ್ಲಿ ವಯಸ್ಕ ರೋಗಿಗಳಿಗೆ ‘ಜೀ’ ಎನ್ನಬೇಕು, ಬಳಗದಲ್ಲಿ ಆ ರೂಪದ ಅಭ್ಯಾಸವೇ ಆಗುವುದಿಲ್ಲ. ಆದ್ದರಿಂದ ನರ್ಸ್ ಮತ್ತು ರೋಗಿಯ ಸಂಭಾಷಣೆಯನ್ನು ಜೊತೆಗಾರರೊಂದಿಗೆ ಪ್ರತ್ಯೇಕವಾಗಿ ಆಡಿಕೊಳ್ಳಿ. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ1ರ ಮುಂದಿನ ಹಂತವಾದ ಬಿ2 ಕೇಳುತ್ತಾರಾದ್ದರಿಂದ ಇದನ್ನು ಈಗಿನಿಂದಲೇ ಆರಂಭಿಸುವುದು ಒಳ್ಳೆಯದು.

ಬಳಗವನ್ನೇ ನಂಬಿ ಪರೀಕ್ಷೆಗೆ ಹೋಗಬಹುದೇ ಎಂದರೆ, ಹೋಗಿ ಪೆಟ್ಟು ತಿಂದಿದ್ದೇನೆ. ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿದ್ದು, ಪ್ರತಿಯೊಂದರಲ್ಲಿಯೂ ನೂರಕ್ಕೆ 60 ಬರಬೇಕು. ನನಗೆ ಬರವಣಿಗೆಯಲ್ಲಿ 83 ಬಂದು, ಮಾತಿನಲ್ಲಿ 54 ಬಂತು. ಇನ್ನೊಬ್ಬ ಅಭ್ಯರ್ಥಿಯೊಂದಿಗೆ ಸೇರಿ ಒಂದು ಕಾರ್ಯಕ್ರಮವನ್ನು ಯೋಜಿಸುವ ಭಾಗದಲ್ಲಿ ನಾನು ಅವರ ಮಾತನ್ನು ಕೇಳಿಸಿಕೊಳ್ಳದೆ ಬಾಯಿಪಾಠದ ವಾಕ್ಯಗಳನ್ನೇ ಒಪ್ಪಿಸಿದ್ದೆ. ಅನುತ್ತೀರ್ಣವಾದ ಭಾಗವನ್ನಷ್ಟೇ ಮತ್ತೆ ಬರೆಯಲು ಅವಕಾಶವಿರುವುದರಿಂದ, ಬ್ರೆಜಿಲಿನ ಆ ಜೊತೆಗಾರರೊಂದಿಗೆ ಆರು ವಾರ ಬರೀ ಯೋಜನೆಗಳನ್ನೇ ಹಾಕಿ ಎರಡನೆಯ ಸಲ ದಾಟಿದೆ.

ನರ್ಸಿಂಗ್ ಓದಿದ್ದೇನೆ ಎಂದು ಗುಂಪಿನಲ್ಲಿ ಬರೆದ ದಿನವೇ ನಿಮಗೆ ಖಾಸಗಿ ಸಂದೇಶಗಳು ಬರತೊಡಗಬಹುದು. ಪರೀಕ್ಷೆಯಿಲ್ಲದೆ ಪ್ರಮಾಣಪತ್ರ ಕೊಡಿಸುತ್ತೇವೆ, ಮುಂಗಡ ಕಳುಹಿಸಿ ಎನ್ನುವವರು ಅಲ್ಲಿ ಹೊಂಚುಹಾಕಿರುತ್ತಾರೆ. ಉತ್ತರಿಸದೆ ಬ್ಲಾಕ್ ಮಾಡಿ. ಮೊದಲ ಬರಹಕ್ಕೆ ಓದು, ಉದ್ಯೋಗ ಯಾವುದೂ ಬೇಡ. ಕೈವಾರದ ಬೆಟ್ಟಕ್ಕೆ ಹೋದ ದಿನದ ಬಗ್ಗೆ ಎಂಟು ಸಾಲು ಬರೆದು, ಕೆಳಗೆ ‘ಬಿಟ್ಟೆ ಕೊರಿಗೀರ್ಟ್ ಮೈನೆ ಫೇಲರ್’, ಎಂದರೆ ದಯವಿಟ್ಟು ನನ್ನ ತಪ್ಪುಗಳನ್ನು ತಿದ್ದಿ ಎಂದು ಸೇರಿಸಿ. ಆ ಸಾಲು ಇಲ್ಲದಿದ್ದರೆ ಹೆಚ್ಚಿನವರು ಸಂಕೋಚದಿಂದ ತಿದ್ದದೆ, ಚೆನ್ನಾಗಿದೆ ಎಂದಷ್ಟೇ ಬರೆದು ಹೋಗುತ್ತಾರೆ.