ತಂದೆಯವರ ಕ್ರಿಯಾಟಿನಿನ್ 1.6: ಕಿಡ್ನಿ ತಜ್ಞರಿಗೆ ಈಗಲೇ ತೋರಿಸಬೇಕೆ?

ಪ್ರಶ್ನೆ: ಮಾವಿನ ತೋಟ ನೋಡಿಕೊಂಡಿರುವ ನಮ್ಮ ತಂದೆಯವರಿಗೆ 58 ವರ್ಷ, ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಮಂಡಿನೋವಿಗೆ ಔಷಧಿ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುತ್ತಾರೆ. ಈಚೆಗೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) 1.6 ಬಂದಿದೆ, ಮೂತ್ರದಲ್ಲಿ ನೊರೆ ಕಾಣುತ್ತಿದೆ. ನೋವಿಲ್ಲವಲ್ಲ, ನೀರು ಹೆಚ್ಚು ಕುಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಏನು ಮಾಡಬೇಕು?
— ಓದುಗರು, ಶ್ರೀನಿವಾಸಪುರ

ಉತ್ತರ: ತಜ್ಞರಿಗೆ ತೋರಿಸಿ, ತಡಮಾಡಬೇಡಿ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗುವಾಗ ನೋವಿರುವುದಿಲ್ಲ, ಮೂತ್ರವೂ ಎಂದಿನಂತೆಯೇ ಹೋಗುತ್ತಿರುತ್ತದೆ. ನೋವಿಗಾಗಿ ಕಾದು ಕುಳಿತವರು ಬಹಳ ತಡವಾಗಿ ಬರುವುದು ಇದರಿಂದಲೇ. 1.6 ಎಂಬುದು ಅಲ್ಪ ಏರಿಕೆಯಂತೆ ಕಂಡರೂ, ಈ ವಯಸ್ಸಿನ ಗಂಡಸರಲ್ಲಿ ಮೂತ್ರಪಿಂಡಗಳು ರಕ್ತವನ್ನು ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, ಸುಮಾರು 50ಕ್ಕೆ ಇಳಿದಿದೆ ಎಂದೇ ಅದರ ಲೆಕ್ಕ. ಅದು ಮೂರು ತಿಂಗಳು ಕಳೆದರೂ 60ಕ್ಕಿಂತ ಕೆಳಗೇ ಉಳಿದರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದು ಪರಿಗಣಿಸುತ್ತಾರೆ.

ನೊರೆ ಒಂದೆರಡು ದಿನ ಕಂಡು ಹೋದರೆ ಆತಂಕ ಬೇಡ. ಪ್ರತಿದಿನವೂ ಸಾಬೂನಿನ ನೊರೆಯಂತೆ ಕರಗದೆ ನಿಲ್ಲುತ್ತಿದ್ದರೆ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತಿರಬಹುದು. ಬೆಳಗಿನ ಮೊದಲ ಮೂತ್ರವನ್ನು ಕೊಟ್ಟು ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಮಾಡಿಸಿ. ಅದು 30ರ ಒಳಗಿರಬೇಕು. 300 ದಾಟಿದರೆ, ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ, ಇಲ್ಲವೇ ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿಯ ಗುರುತು ಮೂಡುವಷ್ಟು ಪಾದ ಊದಿಕೊಳ್ಳುತ್ತಿದ್ದರೆ ಮೂತ್ರಪಿಂಡದ ತಜ್ಞರಾದ ನೆಫ್ರಾಲಜಿಸ್ಟರೇ ನೋಡಬೇಕು. ಮೂತ್ರಪಿಂಡದ ಕಲ್ಲಿಗೆ ಶಸ್ತ್ರಚಿಕಿತ್ಸೆ ಮಾಡುವವರು ಯೂರಾಲಜಿಸ್ಟರು; ಹೆಸರು ಹತ್ತಿರವಿರುವುದರಿಂದ ಜನ ತಪ್ಪಾಗಿ ಅಲ್ಲಿಗೆ ಹೋಗಿ ಕಾಯುವುದುಂಟು.

ನನಗೆ ಹೆಚ್ಚು ಕಳವಳ ತಂದಿರುವುದು ಆ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸುತ್ತವೆ; ಬಿಸಿಲಿನಲ್ಲಿ ತೋಟದ ಕೆಲಸ ಮಾಡಿ ಮೈಯ ನೀರು ಕಡಿಮೆಯಾಗಿರುವಾಗ ನುಂಗಿದರೆ ಹಾನಿ ಇನ್ನೂ ಹೆಚ್ಚು. ಅವನ್ನು ಇಂದೇ ನಿಲ್ಲಿಸಿ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಿಡಿಸಬೇಡಿ.

ನೀರು ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಹೆಚ್ಚು ಕುಡಿದು ಮೂತ್ರಪಿಂಡವನ್ನು ತೊಳೆಯಲಾಗದು, ಕಾಲು ಊದಿಕೊಂಡವರಿಗಂತೂ ಅದರಿಂದ ತೊಂದರೆಯೇ. ನಿಮ್ಮ ಕೋಲಾರ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಸೊರಗಿದ ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕಲಾರದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕೊಡಿ. ದಿನಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ; ಮುದ್ದೆಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳಗಳೂ ಈ ಲೆಕ್ಕಕ್ಕೆ ಸೇರುತ್ತವೆ. ರಕ್ತದೊತ್ತಡವನ್ನು 130/80ರ ಒಳಗಿಡುವಂತೆ ವೈದ್ಯರನ್ನು ಕೇಳಿಕೊಳ್ಳಿ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆಯಿದೆ. ಹೊರಡುವಾಗ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೂ, ನಾಟಿ ಔಷಧಿ ಸೇರಿದಂತೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.