ಸಂಪಾದಕರ ಉತ್ತರ: ಮೇಷ್ಟ್ರೇ, ಆ ಹುಡುಗೀರು ಬರೀ ಟೀ ಕುಡೀತಿಲ್ಲ

ಹಾಸನದ ಕಡೆಯಿಂದ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರೊಬ್ರು ಕಾಗದ ಬರ್ದಿದ್ದಾರೆ. ಅಕ್ಷರ ಎಷ್ಟು ಮುದ್ದಾಗಿದೆ ಅಂದ್ರೆ ಆಫೀಸಲ್ಲಿ ಎಲ್ರೂ ಒಂದೊಂದ್ಸಲ ಇಸ್ಕೊಂಡು ನೋಡಿದ್ರು. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಹೋದ ಸಂಚಿಕೇಲಿ ಜಪಾನಿನ ಕ್ಯೋಟೋ ಆನಿಮೇಷನ್ ಸ್ಟುಡಿಯೋ ಬಗ್ಗೆ ನಾವು ಎರಡು ಪುಟ ಹಾಕಿದ್ವಲ್ಲ, ಅದನ್ನ ಓದಿ, ಪಿಯುಸಿ ಓದೋ ಮೊಮ್ಮಗಳ ಜೊತೆ ಕೂತು ಆ ಸ್ಟುಡಿಯೋದ್ದೇ 'ಕೆ-ಆನ್' ಅನ್ನೋ, ಸ್ಕೂಲ್ ಮ್ಯೂಸಿಕ್ ಕ್ಲಬ್ಬಿನ ಹುಡುಗೀರ ಸೀರೀಸ್‌ನ ಒಂದಷ್ಟು ಎಪಿಸೋಡ್ ನೋಡಿದ್ರಂತೆ. ಅವರ ಮಾತಲ್ಲೇ ಹೇಳೋದಾದ್ರೆ: "ನಾಲ್ಕು ಹುಡುಗೀರು ಸ್ಕೂಲಲ್ಲಿ ಕೂತು ಟೀ ಕುಡೀತಾರೆ, ಕೇಕ್ ತಿಂತಾರೆ, ಪ್ರಾಕ್ಟೀಸ್ ಮಾಡ್ಬೇಕು ಅಂತಾರೆ, ಮಾಡಲ್ಲ. ಕಥೆ ಎಲ್ಲಿದೆ? ಎಲ್ರಿಗೂ ಒಂದೇ ಮುಖ, ಕೂದ್ಲು ಮಾತ್ರ ಬೇರೆ. ಜೀವನಪೂರ್ತಿ ಮಕ್ಳಿಗೆ ಚಿತ್ರ ಕಲಿಸಿದವನು ನಾನು, ಇದನ್ನ ಕಲೆ ಅಂತೀರಲ್ಲ. ಕನ್ನಡ ಪತ್ರಿಕೆಗೆ ಬೇರೆ ವಿಷಯ ಇರ್ಲಿಲ್ವಾ?" ಕೊನೇಲಿ ಸ್ವಲ್ಪ ಮೆತ್ತಗಾಗಿ, ನೋಡ್ಲೇಬೇಕು ಅಂದ್ರೆ ಯಾವುದು ನೋಡ್ಲಿ ಅಂತಾನೂ ಕೇಳಿದ್ದಾರೆ.

ಮೇಷ್ಟ್ರೇ, ಮುಖದ ವಿಷಯದಲ್ಲಿ ನಾನು ನಿಮ್ಮ ಪಾರ್ಟಿನೇ. 'ಕೆ-ಆನ್' ಹುಡುಗೀರ ಕೂದ್ಲು ಅಳಿಸಿಬಿಟ್ರೆ ಯಾರು ಯಾರು ಅಂತ ನಂಗೂ ಗೊತ್ತಾಗಲ್ಲ. ಆದ್ರೆ ನೀವು ನೋಡ್ಬೇಕಾದ ಜಾಗ ಮುಖ ಅಲ್ಲ. ಕಾಲು ನೋಡಿ. ತಮಾಷೆ ಮಾಡ್ತಿಲ್ಲ, ಅದರ ಡೈರೆಕ್ಟರ್ ನಾವೋಕೋ ಯಮಾದಾ ಕ್ಯಾಮೆರಾನ ಪದೇ ಪದೇ ಮೊಣಕಾಲಿನ ಕೆಳಗೆ ಇಡ್ತಾರೆ. ಒಬ್ಳು ಸುಳ್ಳು ಹೇಳುವಾಗ ಪಾದ ಒಳಗೆ ತಿರುಗತ್ತೆ, ಒಬ್ಳಿಗೆ ಖುಷಿಯಾದ್ರೆ ಹಿಮ್ಮಡಿ ನೆಲ ಬಿಡತ್ತೆ, ಇನ್ನೊಬ್ಳು ಟೇಬಲ್ ಕೆಳಗೆ ಒಂದು ಕಾಲಿಂದ ಇನ್ನೊಂದು ಕಾಲು ಉಜ್ಕೊಳ್ತಾ ಮೇಲೆ ಮಾತ್ರ ಏನೂ ಆಗಿಲ್ಲ ಅನ್ನೋ ಥರ ಮಾತಾಡ್ತಿರ್ತಾಳೆ. ಎಲ್ರಿಗೂ ಒಂದೇ ಮುಖ ಅಂದ್ರಿ, ಸರಿ, ಆದ್ರೆ ಒಬ್ರ ನಡಿಗೆ ಇನ್ನೊಬ್ರಿಗಿಲ್ಲ. ಇದು 2009ರಲ್ಲಿ ಬಂದಿದ್ದು, ಯಮಾದಾ ಡೈರೆಕ್ಟ್ ಮಾಡಿದ ಮೊದಲನೇ ಸೀರೀಸ್, ಆಗ ಆಕೆಗೆ ಇನ್ನೂ ಇಪ್ಪತ್ತೈದೂ ತುಂಬಿರ್ಲಿಲ್ಲ. ಕಾಲೇಜಲ್ಲಿ ಓದಿದ್ದು ಆಯಿಲ್ ಪೇಂಟಿಂಗ್, ಅಂದ್ರೆ ನಿಮ್ಮ ಜಾತಿಯೋರೇ.

ಕಥೆ ಎಲ್ಲಿದೆ ಅಂದ್ರಲ್ಲ, ಅದಕ್ಕೆ ನೀವು ಎರಡನೇ ಸೀಸನ್‌ನ 20ನೇ ಎಪಿಸೋಡ್ ತನಕ ಹೋಗ್ಬೇಕಿತ್ತು. ಸ್ಕೂಲ್ ಫೆಸ್ಟಿವಲ್ ಮುಗ್ದಿದೆ, ಹಾಡಿ ಸುಸ್ತಾಗಿ ಕ್ಲಬ್ ರೂಮಿನ ಗೋಡೆಗೆ ಒರಗಿ ನೆಲದ್ ಮೇಲೆ ಕೂತಿದ್ದಾರೆ, ಮುಂದಿನ ವರ್ಷದ ಫೆಸ್ಟಿವಲಲ್ಲಿ ಏನೇನು ಮಾಡೋಣ ಅಂತ ಒಬ್ಬೊಬ್ರೇ ಪ್ಲಾನ್ ಹೇಳ್ತಾ ಹೋಗ್ತಾರೆ, ಹೇಳ್ತಾ ಹೇಳ್ತಾ ಮುಂದಿನ ವರ್ಷ ತಾವು ಆ ಸ್ಕೂಲಲ್ಲೇ ಇರಲ್ಲ ಅನ್ನೋದು ನೆನಪಾಗತ್ತೆ. ಅಷ್ಟೇ ಸೀನು. ಆದ್ರೆ ಅಲ್ಲಿವರೆಗೂ ಅವ್ರ ಜೊತೆ ಕೂತು ಆ ಸುಡುಗಾಡು ಟೀ ಕುಡಿದಿರೋರಿಗೆ ಮಾತ್ರ ಅದು ತಟ್ಟತ್ತೆ. ಈ ಅಳು ಬರಿಸೋಕೆ ಮೂವತ್ತಕ್ಕೂ ಹೆಚ್ಚು ಎಪಿಸೋಡ್ ಟೀ ಕುಡಿಸೋ ಧೈರ್ಯ ಬೇರೆ ಯಾವ ಸ್ಟುಡಿಯೋಗೆ ಇತ್ತೋ ನಂಗೊತ್ತಿಲ್ಲ. ಅಂದಹಾಗೆ ಆ ಸ್ಕೂಲ್ ಬಿಲ್ಡಿಂಗಿಗೆ ಮಾಡೆಲ್ ಆಗಿದ್ದು ಶಿಗಾ ಪ್ರಾಂತ್ಯದ ತೊಯೊಸಾತೋ ಅನ್ನೋ ಊರಿನ ಪ್ರೈಮರಿ ಸ್ಕೂಲು, 1937ರ ಕಟ್ಟಡ, ಈಗ್ಲೂ ಇದೆ. ಮೆಟ್ಟಿಲು ಹತ್ತುವಾಗ ಹಿಡ್ಕೊಳ್ಳೋ ಕಟಾಂಜನದ ಮೇಲೆ ಆಮೆ-ಮೊಲದ ಪುಟ್ಟ ಲೋಹದ ಬೊಂಬೆಗಳಿವೆ, ಸೀರೀಸಲ್ಲೂ ಅದನ್ನ ಬಿಟ್ಟಿಲ್ಲ. ಮುಂದಿನ ಸಲ ಮೊಮ್ಮಗಳಿಗೆ ಹೇಳಿ, ಅಲ್ಲೇ ನಿಲ್ಲಿಸಿ ತೋರಿಸ್ತಾಳೆ.

ಇಷ್ಟೊಂದು ಸಣ್ಣ ಸಣ್ಣದ್ದನ್ನ ಬಿಡಿಸೋ ವ್ಯವಧಾನ ಇವ್ರಿಗೆ ಎಲ್ಲಿಂದ ಬಂತು? ನಾವು ಎರಡು ಪುಟ ಬರೆದಿದ್ದರ ಅಸಲಿ ಕಾರಣ ಇದೇ, ಆದ್ರೆ ಲೇಖನದಲ್ಲಿ ಜಾಗ ಸಾಲದೆ ಇದು ಎರಡು ಸಾಲಲ್ಲಿ ಮುಗಿದುಹೋಯ್ತು. ಯೋಕೋ ಹತ್ತಾ ಅನ್ನೋ ಹೆಣ್ಮಗಳು ಟೋಕಿಯೋದ ಮುಶಿ ಪ್ರೊಡಕ್ಷನ್ ಅನ್ನೋ ಆನಿಮೇಷನ್ ಸ್ಟುಡಿಯೋದಲ್ಲಿ ಸೆಲ್ ಶೀಟ್‌ಗಳಿಗೆ, ಅಂದ್ರೆ ಚಿತ್ರ ಬಿಡಿಸೋ ಪಾರದರ್ಶಕ ಹಾಳೆಗಳಿಗೆ, ಬಣ್ಣ ಹಚ್ಚೋ ಕೆಲಸ ಮಾಡಿದ್ರು, ಮದುವೆಯಾಗಿ ಕ್ಯೋಟೋ ಪಕ್ಕದ ಊಜಿಗೆ ಬಂದ್ರು. ಅಲ್ಲಿ ಅಕ್ಕಪಕ್ಕದ ಮನೆ ಗೃಹಿಣಿಯರನ್ನ ಸೇರಿಸ್ಕೊಂಡು, ದೊಡ್ಡ ಸ್ಟುಡಿಯೋಗಳಿಂದ ಬಣ್ಣದ ಕೆಲಸ ತರಿಸಿ ಮಾಡೋಕೆ ಶುರು ಮಾಡಿದ್ದು 1981ರಲ್ಲಿ. ಗಂಡ ಹಿದೆಯಾಕಿ ಹತ್ತಾ ಕಂಪನಿ ನೋಡ್ಕೊಂಡ್ರು. ಇಪ್ಪತ್ತು ವರ್ಷ ಬೇರೆಯವ್ರ ಕೆಲಸವನ್ನೇ ಮಾಡಿ, ಪೂರ್ತಿ ತಮ್ಮದೇ ಅನ್ನೋ ಟಿವಿ ಸೀರೀಸ್ ಮಾಡಿದ್ದು 2003ರಲ್ಲಿ, 'ಫುಲ್ ಮೆಟಲ್ ಪ್ಯಾನಿಕ್? ಫುಮೊಫ್ಫು' ಅಂತ. ಹೆಸರು ಕೇಳಿ ಗಾಬರಿ ಆಗ್ಬೇಡಿ, ಕಾಮಿಡಿ ಅದು.

ಜಪಾನಲ್ಲಿ ಆನಿಮೇಟರ್‌ಗಳ ಪಾಡು ಚೆನ್ನಾಗಿಲ್ಲ ಮೇಷ್ಟ್ರೇ. ಸೆಕೆಂಡಿಗೆ 24 ಫ್ರೇಮ್ ಓಡತ್ತೆ, ಒಂದು ಚಿತ್ರವನ್ನ ಎರಡು ಮೂರು ಫ್ರೇಮಿಗೆ ನಿಲ್ಲಿಸಿದ್ರೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಚಿತ್ರ ಬೇಕೇ ಬೇಕು. ಮುಖ್ಯ ಭಂಗಿಗಳನ್ನ ಸೀನಿಯರ್‌ಗಳು ಬಿಡಿಸಿದ ಮೇಲೆ ನಡುವಿನ ಚಿತ್ರಗಳನ್ನ ತುಂಬೋದು ಹೊಸಬರ ಕೆಲಸ, ಅವ್ರಲ್ಲಿ ಬಹಳ ಜನ ಫ್ರೀಲಾನ್ಸ್, ಒಂದು ಚಿತ್ರಕ್ಕೆ ಸುಮಾರು 200 ಯೆನ್, ನಮ್ಮ ಕರಾವಳೀಲಿ ಬೀಡಿ ಕಟ್ಟೋರಿಗೆ ಸಾವಿರಕ್ಕಿಷ್ಟು ಅಂತ ಕೊಡೋ ಹಾಗೇನೇ. ಹಂಗಿದ್ಮೇಲೆ ಟೇಬಲ್ ಕೆಳಗಿನ ಕಾಲನ್ನ ಯಾರು ನಿಧಾನಕ್ಕೆ ಬಿಡಿಸ್ತಾರೆ ಹೇಳಿ? ಕ್ಯೋಟೋದವ್ರು ಈ ಲೆಕ್ಕಾನೇ ಬಿಟ್ರು. ಹೆಚ್ಚಿನೋರನ್ನ ತಿಂಗಳ ಸಂಬಳಕ್ಕೆ ಇಟ್ಕೊಂಡ್ರು, ಸ್ವಂತ ಟ್ರೈನಿಂಗ್ ಸ್ಕೂಲ್ ಮಾಡಿದ್ರು, ಕಲಿತೋರನ್ನ ಅಲ್ಲೇ ಕೆಲಸಕ್ಕೆ ತಗೊಂಡ್ರು. ಬೇರೆ ಕಡೆ ಕೆಲಸವನ್ನ ಹತ್ತು ಕಂಪನಿಗೆ ಹಂಚ್ತಾರೆ, ಇಲ್ಲಿ ಒಂದೇ ಸೂರಿನಡಿ. ಹೆಂಗಸರು ಇಷ್ಟೊಂದು ಸಂಖ್ಯೇಲಿ ಇರೋ ಸ್ಟುಡಿಯೋನೂ ಅಪರೂಪ. ಕನ್ನಡ ಪತ್ರಿಕೆಗೆ ಇದೇನು ಸಂಬಂಧ ಅಂದ್ರೆ, ಬೆಂಗಳೂರಲ್ಲೂ ಆನಿಮೇಷನ್, ವಿಎಫ್ಎಕ್ಸ್ ಅಂತ ಹೊರದೇಶದ ಸಿನಿಮಾಗಳಿಗೆ ರಾತ್ರಿ ಹಗಲು ಕೂತು ಫ್ರೇಮ್ ತಿದ್ದೋ ನಮ್ಮ ಹುಡುಗರಿದ್ದಾರೆ, ಪ್ರಾಜೆಕ್ಟ್ ನಿಂತ್ರೆ ಕೆಲಸಾನೂ ನಿಲ್ಲತ್ತೆ. ಬೇರೆಯವ್ರ ಬಣ್ಣ ಹಚ್ತಿದ್ದ ಒಂದು ಊರಿನ ಹೆಂಗಸರ ಗುಂಪು ಸ್ವಂತದ್ದು ಹೆಂಗೆ ಮಾಡ್ತು ಅನ್ನೋದು ಇವ್ರಿಗೆ ಬೇಡ್ವಾ?

ಸಂಬಳ ಕೊಟ್ಟು ಕೂರಿಸಿದ್ದರ ಫಲ ಒಂದೊಂದ್ಸಲ ಹುಚ್ಚಾಟಕ್ಕೂ ತಿರುಗಿದೆ, ಅದನ್ನೂ ಹೇಳ್ಬೇಕು. 2006ರಲ್ಲಿ 'ದ ಮೆಲಾಂಕಲಿ ಆಫ್ ಹರುಹಿ ಸುಜುಮಿಯಾ' ಅಂತ ಮಾಡಿದ್ರು, 14 ಎಪಿಸೋಡನ್ನ ಬೇಕಂತ್ಲೇ ಹಿಂದುಮುಂದು ಮಾಡಿ ಟಿವೀಲಿ ಹಾಕಿದ್ರು, ಜನ ಹುಚ್ಚೆದ್ದು ನೋಡಿದ್ರು, ಸ್ಟುಡಿಯೋಗೆ ಹೆಸರು ಬಂದಿದ್ದೇ ಅದ್ರಿಂದ. 2009ರಲ್ಲಿ ಅದ್ರ ಮುಂದುವರಿಕೆ ಬಂತು. ಒಂದು ಕಥೇಲಿ ಆಗಸ್ಟ್ ಕೊನೇ ಎರಡು ವಾರ ಮತ್ತೆ ಮತ್ತೆ ಮರುಕಳಿಸತ್ತೆ, ಒಟ್ಟು 15,532 ಸಲ. ಬೇರೆ ಯಾರಾದ್ರೂ ಆಗಿದ್ರೆ ಇದನ್ನ ಒಂದೆರಡು ಎಪಿಸೋಡಲ್ಲಿ ಮುಗಿಸ್ತಿದ್ರು. ಇವ್ರು ಎಂಟು ವಾರ, ಎಂಟು ಎಪಿಸೋಡ್, ಅದೇ ಕಥೆ ಅದೇ ಮಾತು ಹಾಕಿದ್ರು. ಜನ ಉಗಿದ್ರು, ಉಗೀಲೇಬೇಕಿತ್ತು, ನಾನಂತೂ ನಡುವಿನ ನಾಲ್ಕು ಬಿಟ್ಟುಬಿಡಿ ಅಂತೀನಿ. ಆದ್ರೆ ಒಂದೂ ಕಾಪಿ ಅಲ್ಲ ಮೇಷ್ಟ್ರೇ! ಎಂಟನ್ನೂ ಹೊಸದಾಗಿ ಬಿಡಿಸಿದ್ದಾರೆ, ಬಟ್ಟೆ ಬೇರೆ, ಕೋನ ಬೇರೆ, ಬೆಳಕು ಬೇರೆ. ಒಂದೇ ಹೂಕುಂಡವನ್ನ ಎಂಟು ಕಡೆಯಿಂದ ಬಿಡಿಸ್ರೋ ಅಂತ ಮಕ್ಳಿಗೆ ನೀವೇ ಹೇಳಿರ್ತೀರಲ್ವಾ.

ನಿಮಗೆ ಹಿಡಿಸ್ಬಹುದಾದ ಇನ್ನೊಂದು 2012ರ 'ಹ್ಯೋಕಾ'. ಡೈರೆಕ್ಟರ್ ಯಾಸುಹಿರೋ ತಾಕೆಮೋತೋ, ಪಾತ್ರಗಳ ರೂಪ ಬಿಡಿಸಿದ್ದು ಫುತೋಶಿ ನಿಶಿಯಾ. ಪತ್ತೇದಾರಿ ಕಥೆಗಳೇ, ಆದ್ರೆ ಕೊಲೆ ಇಲ್ಲ, ಬೀಗ ಯಾರು ಹಾಕಿದ್ರು, ಮೇಷ್ಟ್ರು ಯಾಕೆ ಬೇರೆ ಪಾಠ ಮಾಡಿದ್ರು ಅನ್ನೋ ಮಟ್ಟದ್ದು. ಗಿಫು ಪ್ರಾಂತ್ಯದ ತಾಕಾಯಾಮಾ ಊರನ್ನ ಹೆಸರು ಬದಲಿಸಿ ತೋರಿಸಿದ್ದಾರೆ, ಸೇತುವೆ, ಹಳೇ ಕಾಫಿ ಅಂಗಡಿ ಎಲ್ಲಾ. ಕೊನೇ ಎಪಿಸೋಡಲ್ಲಿ ಹುಡುಗೀರು ಬೊಂಬೆ ವೇಷ ಹಾಕ್ಕೊಂಡು ಚೆರ್ರಿ ಹೂವಿನ ಕೆಳಗೆ ಮೆರವಣಿಗೆ ಹೋಗ್ತಾರೆ. ಕಥೆಯ ಹೀರೋ ಆ ಮೆರವಣಿಗೇಲಿದ್ದ ಗೆಳತಿಗೊಂದು ಮಾತು ಹೇಳ್ಬೇಕು ಅನ್ಕೋತಾನೆ, ಮನಸ್ಸಲ್ಲೇ ಪೂರ್ತಿ ಹೇಳಿಯೂ ಬಿಡ್ತಾನೆ, ಬಾಯಿಂದ ಮಾತ್ರ ಬರೋದು ಚಳಿ ಆಗ್ತಿದೆ ಅನ್ನೋ ಥರದ ಮಾತು. ಇದನ್ನೂ ನೀವು ಏನೂ ನಡೀಲಿಲ್ಲ ಅನ್ನಬಹುದು, ನಂಗೆ ಮಾತ್ರ ಈ ಸ್ಟುಡಿಯೋದ ಅತ್ಯುತ್ತಮ ಮುಕ್ತಾಯ ಇದೇ.

ತಾಕೆಮೋತೋ, ನಿಶಿಯಾ ಇಬ್ರೂ ಈಗಿಲ್ಲ. 2019ರ ಜುಲೈ 18ರ ಬೆಳಿಗ್ಗೆ ಕ್ಯೋಟೋದ ಫುಶಿಮಿಯಲ್ಲಿದ್ದ ಇವ್ರ ಒಂದನೇ ಸ್ಟುಡಿಯೋಗೆ ಒಬ್ಬ ಪೆಟ್ರೋಲ್ ಸುರಿದು ಬೆಂಕಿ ಇಟ್ಟ. 36 ಜನ ಹೋದ್ರು. ತನ್ನ ಕಥೇನ ಕದ್ರು ಅನ್ನೋದು ಅವನ ವಾದ, 2024ರ ಜನವರೀಲಿ ಕೋರ್ಟ್ ಗಲ್ಲು ಶಿಕ್ಷೆ ಕೊಡ್ತು. ಸತ್ತವರಲ್ಲಿ ಯೋಶಿಜಿ ಕಿಗಾಮಿನೂ ಇದ್ರು, 61 ವರ್ಷ, ಆ ಸ್ಟುಡಿಯೋದ ಮಕ್ಳಿಗೆಲ್ಲಾ ಗೆರೆ ಕಲಿಸಿದ ಹಿರಿಯರು, ನಿಮ್ಮ ಥರಾನೇ ಮೇಷ್ಟ್ರು. ಅಲ್ಲಿದ್ದ ಕಾಗದದ ಚಿತ್ರಗಳು ಸುಟ್ಟುಹೋದ್ವು, ಸರ್ವರಲ್ಲಿ ಸ್ಕ್ಯಾನ್ ಆಗಿದ್ದಷ್ಟನ್ನ ಮಾತ್ರ ಆಮೇಲೆ ತೆಗೆಯೋಕಾಯ್ತು. ಹೊರಗಿನ ಹತ್ತು ಕಂಪನಿಗೆ ಹಂಚದೆ ಎಲ್ಲಾ ಒಂದೇ ಕಡೆ ಕೂತು ಮಾಡ್ತಿದ್ರು ಅಂದ್ನಲ್ಲ, ಬೆಂಕಿ ಬಿದ್ದಾಗ ಅದೇ ಒಗ್ಗಟ್ಟು ಇಷ್ಟು ಜನರನ್ನ ಒಂದೇ ಕಟ್ಟಡದಲ್ಲಿ ಕೂರಿಸಿತ್ತು. ಅರ್ಧಕ್ಕೆ ನಿಂತಿದ್ದ 'ವಯೊಲೆಟ್ ಎವರ್‌ಗಾರ್ಡನ್' ಸಿನಿಮಾನ ಉಳಿದೋರು ಮುಗಿಸಿ 2020ರ ಸೆಪ್ಟೆಂಬರಲ್ಲಿ ಬಿಡುಗಡೆ ಮಾಡಿದ್ರು. ಕೆಲಸ ಬೇರೆಯವ್ರಿಗೆ ಮಾರಿ ಕೈ ತೊಳ್ಕೊಳ್ಲಿಲ್ಲ.

'ವಯೊಲೆಟ್' ಸೀರೀಸ್ 2018ರದ್ದು, ನೆಟ್‌ಫ್ಲಿಕ್ಸಲ್ಲಿ ಇದ್ದಿದ್ರಿಂದ ನಮ್ಮ ಓದುಗರಲ್ಲಿ ಹೆಚ್ಚಿನೋರು ನೋಡಿರೋದು ಇದನ್ನೇ. ಯುದ್ಧದಲ್ಲಿ ಎರಡೂ ಕೈ ಕಳ್ಕೊಂಡು ಲೋಹದ ಕೈ ಹಾಕಿಸ್ಕೊಂಡ ಹುಡುಗಿ ಬೇರೆಯವ್ರ ಪರವಾಗಿ ಕಾಗದ ಟೈಪ್ ಮಾಡಿಕೊಡ್ತಾಳೆ. ಆ ಬೆರಳುಗಳ ಒಂದೊಂದು ಗೆಣ್ಣನ್ನೂ ಬಿಡಿಸಿದ್ದಾರೆ, ಅದಕ್ಕೆ ಕೈಮುಗೀಬೇಕು. 10ನೇ ಎಪಿಸೋಡಲ್ಲಿ ಸಾಯ್ತಿರೋ ತಾಯಿ ಪುಟ್ಟ ಮಗಳಿಗೆ ಮುಂದಿನ 50 ವರ್ಷದ ಬರ್ತ್‌ಡೇಗಳಿಗೆ ಕಾಗದ ಬರೆಸಿ ಇಡ್ತಾಳೆ, ಕಲ್ಲೂ ಅಳತ್ತೆ. ಆದ್ರೂ ನಿಮಗೆ ಮೊದಲು ಇದನ್ನ ಹೇಳಲ್ಲ. ಇಲ್ಲಿ ಪ್ರತಿ ಎಪಿಸೋಡೂ ಅಳಿಸೋಕೆ ಅಂತಾನೇ ಬರತ್ತೆ, ಬೆಳಕು ಕಣ್ಣಲ್ಲಿ ಜಾಸ್ತಿನೇ ಮಿನುಗತ್ತೆ, 'ಕೆ-ಆನ್' ಬಿಟ್ಟುಕೊಟ್ಟಿದ್ದ ಅವಸರ ಇದ್ರಲ್ಲಿ ವಾಪಸ್ ಬಂದಿದೆ. ಮೊಮ್ಮಗಳು ಜಗಳಕ್ಕೆ ಬರ್ಬಹುದು, ಬರ್ಲಿ.

ನೀವು ನೋಡ್ಬೇಕಾಗಿರೋದು 2015ರ 'ಸೌಂಡ್! ಯುಫೋನಿಯಂ', ತತ್ಸುಯಾ ಇಶಿಹಾರಾ ಡೈರೆಕ್ಟ್ ಮಾಡಿದ್ದು, ಮೊದಲ ಸೀಸನ್ 13 ಎಪಿಸೋಡ್. ಸ್ಟುಡಿಯೋದವ್ರ ಸ್ವಂತ ಊರು ಊಜಿಯಲ್ಲೇ ನಡೆಯೋ ಕಥೆ, ಹೈಸ್ಕೂಲ್ ಬ್ಯಾಂಡ್ ತಂಡದ್ದು. ಹೊಸ ಮೇಷ್ಟ್ರು ಬಂದು ಮಕ್ಳನ್ನೇ ಕೇಳ್ತಾರೆ, ಮಜಾ ಮಾಡ್ಕೊಂಡಿರ್ತೀರೋ ನ್ಯಾಷನಲ್ಸ್‌ಗೆ, ಅಂದ್ರೆ ರಾಷ್ಟ್ರಮಟ್ಟದ ಬ್ಯಾಂಡ್ ಸ್ಪರ್ಧೆಗೆ, ಹೋಗ್ತೀರೋ ಅಂತ. ಮಕ್ಳು ಜಂಬಕ್ಕೆ ನ್ಯಾಷನಲ್ಸ್‌ಗೆ ಕೈ ಎತ್ತುತ್ತಾರೆ, ಆಮೇಲೆ ನೋಡಿ ಅವ್ರ ಗತಿ. ಟ್ರಂಪೆಟ್ಟಿನ ಮೇಲೆ ಬಿದ್ದಿರೋ ಕಿಟಕಿ ಬೆಳಕು, ವಾಲ್ವ್ ಒತ್ತೋ ಬೆರಳು, ವಾದ್ಯದೊಳಗಿನ ಎಂಜಲು ಬಸಿಯೋದು, ಏನನ್ನೂ ಬಿಟ್ಟಿಲ್ಲ. 12ನೇ ಎಪಿಸೋಡಲ್ಲಿ ಕುಮಿಕೋ ಅನ್ನೋ ಹುಡುಗಿಗೆ ಎಷ್ಟು ಸಾಧನೆ ಮಾಡಿದ್ರೂ ಒಂದು ಭಾಗ ಕೂತ್ಕೊಳಲ್ಲ, ಸ್ಪರ್ಧೇಲಿ ಅದನ್ನ ನೀನು ನುಡಿಸ್ಬೇಡ ಅಂತ ಮೇಷ್ಟ್ರು ಮೆಲ್ಲಗೆ ಹೇಳ್ತಾರೆ. ರಾತ್ರಿ ಅವಳು ಊಜಿ ಸೇತುವೆ ಮೇಲೆ ಅಳ್ತಾ ಓಡ್ತಾಳೆ, ನಾನು ಚೆನ್ನಾಗಿ ನುಡಿಸ್ಬೇಕು ಅಂತ ಕಿರುಚ್ಕೊಂಡು. ಯಾವ ವಿಲನ್ನೂ ಇಲ್ಲ, ಯಾರೂ ಮೋಸ ಮಾಡಿಲ್ಲ, ಕೈಗೆ ಬರ್ತಿಲ್ಲ ಅಷ್ಟೇ. ಕ್ಲಾಸಲ್ಲಿ ರಬ್ಬರಿಂದ ಉಜ್ಜಿ ಉಜ್ಜಿ ಕಾಗದ ಹರಿದ ಹುಡುಗನ್ನ ನೀವು ಎಷ್ಟು ಜನ ನೋಡಿಲ್ಲ.

ಕನ್ನಡದಲ್ಲಿ ಡಬ್ ಇಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದ್ಕೊಂಡೇ ನೋಡ್ಬೇಕು, ಕಣ್ಣಿಗೆ ತ್ರಾಸಾದ್ರೆ ಮೊಮ್ಮಗಳ ಕೈಲಿ ಓದಿಸಿ. ಮೊದಲ ಮೂರು ಎಪಿಸೋಡ್ ನಿಧಾನ, 5ನೇದರ ತನಕ ತಾಳ್ಮೆ ಇರ್ಲಿ. ಆಮೇಲೂ ಕಥೆ ಸಿಗ್ಲಿಲ್ಲ ಅಂದ್ರೆ ಇನ್ನೊಂದು ಕಾಗದ ಹಾಕಿ, ಬೈಗುಳ ಸಮೇತ ಅಚ್ಚು ಹಾಕ್ತೀವಿ, ಈ ಸಲ ನಿಮ್ಮ ಕೈಬರಹಾನೇ ಸ್ಕ್ಯಾನ್ ಮಾಡಿ.